ಪದಚರ್ಚೆ: ಇಂಗ್ಲೆಂಡಿನ ‘ಇಯರ್ 3’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಇಂಗ್ಲೆಂಡಿನಲ್ಲಿ ಓದುವ ಮೊಮ್ಮಕ್ಕಳ ಶಾಲೆ ಹೇಗಿರುತ್ತೆ ಅಂತ ಊರಿನ ಅಜ್ಜ-ಅಜ್ಜಿಯರಿಗೆ ತಿಳಿಸುವ ಪುಟ್ಟ ಬರಹವೊಂದನ್ನು ಮಾಡುತ್ತಿದ್ದೇನೆ. ‘ಇಯರ್ 3’ ಅನ್ನುವಲ್ಲೇ ಸಿಕ್ಕಿಹಾಕಿಕೊಂಡೆ.

‘ಮೂರನೇ ತರಗತಿ’ ಅಂದುಬಿಡಬಹುದು. ಆದರೆ ವಯಸ್ಸಿನ ಲೆಕ್ಕ ತಪ್ಪುತ್ತದೆ. ಅಲ್ಲಿ ನಾಲ್ಕು ತುಂಬಿದ ಮಗು ಸೆಪ್ಟೆಂಬರಿನಲ್ಲಿ ‘ರಿಸೆಪ್ಷನ್’ ಸೇರುತ್ತದೆ, ಐದು ತುಂಬಿದ ಮೇಲೆ ಇಯರ್ 1. ನಮ್ಮಲ್ಲಿ ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ತುಂಬಿರಬೇಕು ಅನ್ನುವುದು ನಿಯಮ. (2025-26ರಲ್ಲಿ ಸ್ವಲ್ಪ ಸಡಿಲಿಸಿದ್ದರು, ಆ ಮಾತು ಬಿಡಿ.) ಹಾಗಾಗಿ ಅಲ್ಲಿ ಇಯರ್ 3ರಲ್ಲಿರುವ ಹುಡುಗಿಯ ಓರಗೆಯವರು ಇಲ್ಲಿ ಹೆಚ್ಚುಕಮ್ಮಿ ಎರಡನೇ ಕ್ಲಾಸು. ಇನ್ನು ‘ಮೂರನೇ ವರ್ಷ’ ಅಂದರೆ, ಮಗುವಿಗೆ ಈಗ ಮೂರು ನಡೀತಿದೆಯಾ ಅಂತಾರೆ ಅಜ್ಜಿ!

ತರಗತಿ ಅಂದರೆ ನಮ್ಮ ತಲೆಯಲ್ಲಿ ಪಾಸಾಗಿ ದಾಟುವಂಥದ್ದು. ಧಾರವಾಡದ ಕಡೆ ಏಳನೇ ಕ್ಲಾಸಿನ ‘ಮುಲ್ಕಿ ಪಾಸ್’ ಅನ್ನುವುದಕ್ಕೆ ಒಂದು ಕಾಲದಲ್ಲಿ ಎಷ್ಟು ತೂಕ ಇತ್ತು ಅಲ್ವಾ? ಇಂಗ್ಲೆಂಡಿನ ‘ಇಯರ್’ ಹಾಗಲ್ಲ. ಸೆಪ್ಟೆಂಬರ್ 1ರಿಂದ ಮುಂದಿನ ಆಗಸ್ಟ್ 31ರೊಳಗೆ ಹುಟ್ಟಿದವರೆಲ್ಲ ಒಂದು ಗುಂಪು. ಆ ಗುಂಪು ಸಾಮಾನ್ಯವಾಗಿ ಒಟ್ಟಿಗೇ ಮುಂದೆ ಹೋಗುತ್ತದೆ, ಫೇಲಾಗಿ ಕೂರುವುದು ತೀರಾ ಅಪರೂಪ. ಆಗಸ್ಟ್ 31ಕ್ಕೆ ಹುಟ್ಟಿದ ಮಗುವಿಗೂ ಮರುದಿನ ಹುಟ್ಟಿದ ಮಗುವಿಗೂ ಒಂದು ‘ಇಯರ್’ ಅಂತರ.

ಅದಕ್ಕೇ ‘ಓರಗೆ’ ಅನ್ನೋ ಪದವನ್ನೇ ಬಳಸಿದರೆ ಹೇಗೆ ಅಂತ ಯೋಚನೆ ಬಂತು. ‘ಓರಗೆ 3’. ಅರ್ಥ ಸರಿಯಾಗಿ ಕೂರುತ್ತದೆ. ಬಾಯಲ್ಲಿ ಆಡಿ ನೋಡಿದರೆ ಮಾತ್ರ ಯಾಕೋ ಓರಗಿತ್ತಿ ನೆನಪಾಗುತ್ತಾಳೆ.

‘ಸೆಕೆಂಡರಿ ಸ್ಕೂಲ್’ ಕೂಡ ತೊಡಕೇ. ಅದು ಇಯರ್ 7ಕ್ಕೆ, ಹನ್ನೊಂದು ತುಂಬಿದವರಿಗೆ ಶುರು. ನಮ್ಮ ಪ್ರೌಢಶಾಲೆ ಎಂಟನೇ ಕ್ಲಾಸಿನಿಂದ. ಹನ್ನೊಂದರ ಪೋರರನ್ನು ಪ್ರೌಢರು ಅನ್ನೋಕೆ ನನಗಂತೂ ಮನಸ್ಸಿಲ್ಲ. ಎಲ್ಲಕ್ಕಿಂತ ಮಜಾ ‘ಸಿಕ್ಸ್ತ್ ಫಾರ್ಮ್’. ಅಲ್ಲಿ ಅದು ಇಯರ್ 12 ಮತ್ತು 13, ಅಂದರೆ ನಮ್ಮ ಪಿಯುಸಿ ವಯಸ್ಸು. ಆದರೆ 1956ಕ್ಕೆ ಮುಂಚೆ ಮದ್ರಾಸ್ ಆಡಳಿತದಲ್ಲಿದ್ದ ಮಂಗಳೂರು, ಉಡುಪಿ ಕಡೆ ಆರನೇ ಕ್ಲಾಸೇ ಫಸ್ಟ್ ಫಾರಂ, ಸಿಕ್ಸ್ತ್ ಫಾರಂ ಅಂದರೆ ಎಸ್ಸೆಸ್ಸೆಲ್ಸಿ. ಆ ಕಾಲದಲ್ಲಿ ಓದಿದ ಅಜ್ಜ ಇದನ್ನು ಓದಿದರೆ?

ಸದ್ಯಕ್ಕೆ ‘ಇಯರ್ 3 (7ರಿಂದ 8 ವರ್ಷ)’ ಅಂತ ಇಟ್ಟಿದ್ದೇನೆ. ಅಲ್ಲಿ ಮಕ್ಕಳನ್ನು ಓದಿಸುತ್ತಿರುವವರು ಊರಿಗೆ ಫೋನ್ ಮಾಡಿದಾಗ ಏನಂತ ಹೇಳುತ್ತೀರಿ? ‘ಓರಗೆ’ ಬೇಡ ಅನ್ನಿಸಿದರೆ ಅದನ್ನೂ ಬರೆಯಿರಿ, ಯಾಕೆ ಅಂತ ಸೇರಿಸಿ.