ಅಪ್ಪನ ವಿಷಯ ಮಗುವಿಗೆ ಯಾವಾಗ ಹೇಳೋದು?

ಎಲ್ಲರಿಗೂ ನಮಸ್ಕಾರ. ಒಬ್ಬರೇ ಮಗು ಪಡೆದವರು ಅಪ್ಪನ ವಿಷಯ ಯಾವಾಗ ಹೇಳಬೇಕು ಅಂತ ಇಲ್ಲೊಬ್ಬರು ಕೇಳಿದ್ದರು. ನಾನು ಕ್ವಿಯರ್, ಅಂದರೆ ಗಂಡು-ಹೆಣ್ಣಿನ ಸಂಬಂಧದ ರೂಢಿಯ ಚೌಕಟ್ಟಿಗೆ ಸೇರದವಳು. ಮದುವೆ, ಗಂಡ ಎರಡೂ ಬೇಡ ಅನಿಸಿತ್ತು, ಮಗು ಮಾತ್ರ ಬೇಕಿತ್ತು. ದಾನಿಯ ವೀರ್ಯದಿಂದ ತಾಯಿಯಾದೆ. ನನ್ನ ಉತ್ತರ ಇಷ್ಟೇ: ಮಗುವಿಗೆ ಮಾತು ಬರುವ ಮೊದಲೇ ಶುರು ಮಾಡಿ.

ಬ್ರಿಟನ್‌ನಲ್ಲಿ ಲೈಸೆನ್ಸ್ ಇರುವ ಕ್ಲಿನಿಕ್‌ಗೆ ಹೋದವರಿಗೆ ಇದು ಇನ್ನೂ ಮುಖ್ಯ. 2005ರ ಏಪ್ರಿಲ್ 1ರ ನಂತರ ನೋಂದಾಯಿಸಿಕೊಂಡ ದಾನಿಯ ಗುರುತನ್ನು ಶಾಶ್ವತವಾಗಿ ಮುಚ್ಚಿಡುವುದಿಲ್ಲ. ಮಗುವಿಗೆ 16 ತುಂಬಿದಾಗ ದಾನಿಯ ಎತ್ತರ, ಕಣ್ಣಿನ ಬಣ್ಣದಂಥ ವಿವರ ಕೇಳಬಹುದು. 18 ತುಂಬಿದರೆ ಹೆಸರನ್ನೇ ಕೇಳಬಹುದು. ಹಾಗಿರುವಾಗ ಬಚ್ಚಿಟ್ಟು ಏನು ಪ್ರಯೋಜನ? ಭಾರತದಲ್ಲೂ 2021ರ ಕಾನೂನಿನ ಪ್ರಕಾರ 21ರಿಂದ 50 ವರ್ಷದ ಒಂಟಿ ಹೆಂಗಸರು ಈ ಚಿಕಿತ್ಸೆ ಪಡೆಯಬಹುದು. ನೆಂಟರು ಹೌಹಾರಿದರೆ ಇದನ್ನೂ ಹೇಳಿ.

ಹೇಳೋದು ಹೇಗೆ ಅಂದರೆ, ನನಗೆ ಕೈಹಿಡಿದದ್ದು ಪದ್ಯ. ನಮ್ಮ ತ್ರಿಪದಿ ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡಿಕೊಂಡು ಬೆಳೆಸಿದ್ದು. ಯಾರಿಗೂ ಹೇಳಲಾಗದ್ದನ್ನು ಅವರು ಮೂರು ಸಾಲಿನಲ್ಲಿ ಹೇಳಿಬಿಡುತ್ತಿದ್ದರು. ಮಗಳನ್ನು ಮಲಗಿಸುವಾಗ ನಾನೂ ಅದೇ ಧಾಟಿಯಲ್ಲಿ ಕಟ್ಟಿದೆ:

ಅಪ್ಪನ ಹೆಸರೇನ ಅಂತ ಕೇಳಿದರವರು
ಒಪ್ಪಾಗಿ ಹೇಳ ಮಗಳವ್ವ, ನಮ್ಮವ್ವ
ತಪ್ಪದೆ ಬೇಡಿ ಪಡೆದಾಳ

ಪ್ರಾಸ ಹಿಡಿದುಕೊಂಡಿದ್ದರಿಂದ ಅವಳಿಗೆ ಬೇಗ ಬಾಯಿಪಾಠವಾಯಿತು. ಪಾರ್ಕಿನಲ್ಲಿ ಯಾರೋ ಕೇಳಿದಾಗ ಕೊನೆಯ ಸಾಲನ್ನೇ ಹೇಳಿದಳು. ಕೇಳಿದವರು ಕನ್ನಡದವರಲ್ಲ, ಅರ್ಥವಾಗಲಿಲ್ಲ. ಅವಳಿಗೆ ಮಾತ್ರ ಉತ್ತರ ಕೊಟ್ಟ ಖುಷಿ. ದಾನಿಯ ಬಗ್ಗೆ ಇನ್ನೊಂದು ಪದ್ಯ ಬರೆದಿದ್ದೇನೆ, ಅದಿನ್ನೂ ತಿದ್ದುವುದಿದೆ. ಕೃತಜ್ಞತೆಯ ಮಾತು ಜಾಸ್ತಿಯಾದರೆ ಅವರೇ ಅಪ್ಪ ಅನ್ನುವ ಹಾಗೆ ಕೇಳಿಸುತ್ತದೆ. ತೀರಾ ಕಡಿಮೆಯಾದರೆ ಅವರು ಮನುಷ್ಯರೇ ಅಲ್ಲ ಅನ್ನುವ ಹಾಗೆ.

ಇಲ್ಲಿರುವವರಲ್ಲಿ ನನ್ನದೊಂದು ಕೋರಿಕೆ. ಮಕ್ಕಳ ಕನ್ನಡ ತರಗತಿಯ ಫಾರ್ಮಿನಲ್ಲಿ ತಂದೆಯ ಹೆಸರು ಕಡ್ಡಾಯ ಮಾಡಬೇಡಿ. ಕುತೂಹಲವಿದ್ದರೆ ನನ್ನನ್ನೇ ಕೇಳಿ, ಬೇಸರವಿಲ್ಲ. ಮಗುವನ್ನು ಪಕ್ಕಕ್ಕೆ ಕರೆದು ಕೇಳಬೇಡಿ.

ಈಗಷ್ಟೇ ಕ್ಲಿನಿಕ್ ಹುಡುಕುತ್ತಿರುವವರು ಮೆಸೇಜ್ ಮಾಡಿ. ಕೌನ್ಸೆಲಿಂಗ್‌ನಲ್ಲಿ ನನಗೆ ಏನೇನು ಕೇಳಿದರು ಅಂತ ಹೇಳುತ್ತೇನೆ.