‘ಲೈಮ್‌ಲೈಟ್’ಗೆ ದಿನಬಳಕೆಯ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ. ಒಂದು ವಾಕ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ನಿಮ್ಮ ಸಹಾಯ ಬೇಕು.

ನಮ್ಮ ಶಾಲೆಯ ಹಿರಿಯ ಟೀಚರ್ ಒಬ್ಬರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಬೀಳ್ಕೊಡುಗೆಗೆ ಎರಡು ಭಾಷೆಯಲ್ಲಿ ಅಭಿನಂದನಾ ಪತ್ರ ಮಾಡುತ್ತಿದ್ದೇವೆ. ಇಂಗ್ಲಿಷಿನದನ್ನು ಬೇರೊಬ್ಬರು ಬರೆದರು, ಕನ್ನಡದ್ದು ನನ್ನ ಪಾಲಿಗೆ ಬಂತು. ಇಂಗ್ಲಿಷಿನದರಲ್ಲಿ ‘ಅವರು ಎಂದೂ ಲೈಮ್‌ಲೈಟ್ ಬಯಸಿದವರಲ್ಲ’ ಅನ್ನೋ ಅರ್ಥದ ಒಂದು ಸಾಲು ಇದೆ. ಲೈಮ್‌ಲೈಟ್ ಅಂದರೆ ಎಲ್ಲರ ಗಮನ ಒಬ್ಬರ ಮೇಲೇ ಇರೋದು. ಮೂರು ದಿನದಿಂದ ಆ ಸಾಲಿನ ಮುಂದೆ ಕೂತಿದ್ದೇನೆ.

ಮೊದಲು ಹೊಳೆದದ್ದು ‘ಬೆಳಕು’. ಆದರೆ ಕನ್ನಡದಲ್ಲಿ ‘ಬೆಳಕಿಗೆ ಬರು’ ಅನ್ನೋದಕ್ಕೆ ಬೇರೆಯದೇ ಕೆಲಸ ಇದೆ. ‘ಹಗರಣ ಬೆಳಕಿಗೆ ಬಂತು’, ‘ಹಳೆಯ ಶಾಸನ ಬೆಳಕಿಗೆ ಬಂತು’ ಅಂತೀವಿ. ಮುಚ್ಚಿಹೋಗಿದ್ದು ಹೊರಗೆ ಬಂತು ಅಂತ ಅರ್ಥ. ಪುಸ್ತಕ ‘ಬೆಳಕು ಕಂಡಿತು’ ಅಂದರೆ ಅಚ್ಚಾಯಿತು ಅಂತ. ‘ಆ ಕವಿ ಬೆಳಕಿಗೆ ಬಂದದ್ದು ತಡವಾಗಿ’ ಅಂದರೆ ಸರಿಹೋಗುತ್ತೆ, ಯಾಕೆಂದರೆ ಅಲ್ಲೂ ಮೊದಲು ಮರೆಯಲ್ಲಿದ್ದರು ಅನ್ನೋ ಮಾತಿದೆ. ಆದರೆ ಈಗಾಗಲೇ ಎಲ್ಲರಿಗೂ ಗೊತ್ತಿರುವ ಒಬ್ಬರು ಮತ್ತೆ ಸುದ್ದಿಯಾದರೆ ‘ಬೆಳಕಿಗೆ ಬಂದರು’ ಅನ್ನೋಕೆ ಆಗಲ್ಲ ಅಲ್ವಾ?

ಪದದ ಹುಟ್ಟು ನೋಡಿದರೆ ದಾರಿ ಸಿಗಬಹುದು ಅಂದುಕೊಂಡೆ. ಇದರಲ್ಲಿರುವ ‘ಲೈಮ್’ ನಿಂಬೆಹಣ್ಣಲ್ಲ, ಸುಣ್ಣ. ನೀರು ಹಾಕಿದರೆ ಕೊತಕೊತ ಕುದಿಯುತ್ತಲ್ಲ, ಆ ಸುಟ್ಟ ಸುಣ್ಣ. ಅದರ ತುಂಡನ್ನು ಆಮ್ಲಜನಕ, ಜಲಜನಕ ಎರಡೂ ಸೇರಿದ ಉರಿಗೆ ಹಿಡಿದರೆ ಕಣ್ಣು ಕುಕ್ಕುವ ಬಿಳಿ ಬೆಳಕು ಬರುತ್ತೆ. ಥಾಮಸ್ ಡ್ರಮ್ಮಂಡ್ ಅನ್ನೋ ಸೇನೆಯ ಎಂಜಿನಿಯರ್ 1825ರಲ್ಲಿ ಐರ್ಲೆಂಡಿನ ಭೂಮಾಪನಕ್ಕೆ ಇದನ್ನು ಬಳಸಿದ. ಬೆಟ್ಟದ ಮೇಲೆ ಹಚ್ಚಿದ್ದು ನೂರು ಕಿಲೋಮೀಟರಿಗೂ ದೂರದ ಇನ್ನೊಂದು ಬೆಟ್ಟಕ್ಕೆ ಕಂಡಿತು. 1837ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರಕ್ಕೆ ಬಂತು. ಮಸೂರ ಇಟ್ಟು ಒಬ್ಬ ನಟನ ಮೇಲೆ ಮಾತ್ರ ಬೀಳುವ ಹಾಗೆ ತಿರುಗಿಸಬಹುದಿತ್ತು, ಹಾಗಾಗಿ ಪ್ರೇಕ್ಷಕರ ಕಣ್ಣೆಲ್ಲ ಅವನ ಮೇಲೇ. ಆಮೇಲೆ ವಿದ್ಯುತ್ ದೀಪ ಬಂದು ಸುಣ್ಣ ಹೋಯಿತು, ಮಾತು ಉಳಿಯಿತು.

ನನಗೆ ತುಂಬ ಇಷ್ಟವಾದ ವಿಷಯ ಇನ್ನೊಂದಿದೆ. ಆ ದೀಪದ ಪಕ್ಕದಲ್ಲಿ ಯಾವಾಗಲೂ ಒಬ್ಬ ಮನುಷ್ಯ ನಿಂತಿರಬೇಕಿತ್ತು. ಉರಿ ಬಿದ್ದ ಕಡೆ ಸುಣ್ಣ ಸವೆದು ಗುಳಿ ಬೀಳುತ್ತಿತ್ತು, ಅದಕ್ಕೆ ಅವನು ಆಗಾಗ ತುಂಡನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ, ಅನಿಲದ ಕೀಲಿ ಸರಿಮಾಡುತ್ತ, ನಟ ಹೋದ ಕಡೆ ಬೆಳಕು ತಿರುಗಿಸುತ್ತ ಇರಬೇಕಿತ್ತು, ಅದೂ ತಾನು ಕತ್ತಲೆಯಲ್ಲೇ ನಿಂತು. ಇದು ತಿಳಿದ ಕೂಡಲೇ ನಮ್ಮ ಟೀಚರೇ ಕಣ್ಣ ಮುಂದೆ ಬಂದರು. ಪ್ರತಿ ವರ್ಷ ವಾರ್ಷಿಕೋತ್ಸವದ ನಾಟಕ ಅವರದ್ದೇ. ಒಂದು ಕೈಯಲ್ಲಿ ಮಾತು ಬರೆದ ನೋಟ್‌ಬುಕ್, ಇನ್ನೊಂದರಲ್ಲಿ ಸಣ್ಣ ಟಾರ್ಚು, ಪರದೆಯ ಪಕ್ಕ ಬಗ್ಗಿ ನಿಂತು ಮಕ್ಕಳಿಗೆ ಮರೆತ ಸಾಲು ಪಿಸುಗುಟ್ಟೋರು. ಚಪ್ಪಾಳೆ ಬೀಳುವಾಗ ಹಿಂದೆ ಕಿರೀಟ ಎಣಿಸುತ್ತ ಇರೋರು.

ಹಾಗಾದರೆ ‘ತೆರೆಮರೆ’ ಅನ್ನೋಣ ಅಂದುಕೊಂಡೆ. ‘ತೆರೆಮರೆಯಲ್ಲೇ ದುಡಿದರು’. ಒಳ್ಳೇ ಮಾತು, ಇವರಿಗಂತೂ ಅಕ್ಷರಶಃ ನಿಜ. ಆದರೆ ಚುನಾವಣೆ ಹತ್ತಿರ ಬಂದರೆ ಪತ್ರಿಕೆಗಳಲ್ಲಿ ‘ತೆರೆಮರೆಯ ಕಸರತ್ತು’ ಓದಿ ಓದಿ ಆ ಪದಕ್ಕೆ ಒಳಸಂಚಿನ ವಾಸನೆ ಹತ್ತಿದೆ. ನನಗೊಬ್ಬನಿಗೇ ಹಾಗನ್ನಿಸುತ್ತಾ?

‘ಎಲೆಮರೆಯ ಕಾಯಿ’ ಇದೆ. ಎಷ್ಟು ಚೆಂದದ ಮಾತು! ಆದರೆ ಸ್ವಲ್ಪ ಯೋಚಿಸಿ, ಕಾಯಿ ತಾನಾಗಿ ಎಲೆಯ ಹಿಂದೆ ಹೋಗಿ ಕೂರಲಿಲ್ಲ, ಎಲೆ ಮುಚ್ಚಿದೆ. ಈ ಮಾತಿನಲ್ಲಿ ‘ಯಾರೂ ಗುರುತಿಸಲಿಲ್ಲವಲ್ಲ’ ಅನ್ನೋ ಮರುಕ ಸೇರಿಕೊಳ್ಳುತ್ತೆ. ನಮ್ಮ ಟೀಚರ್ ಬೇಕಂತಲೇ ಹಿಂದೆ ನಿಂತವರು. ಮರುಕ ಬೇಡ.

ಮಿಕ್ಕ ಮಾತುಗಳನ್ನೂ ದಿನನಿತ್ಯದ ವಾಕ್ಯಗಳಲ್ಲಿ ಇಟ್ಟು ನೋಡಿದೆ. ‘ಒಂದೇ ಶತಕದಿಂದ ಲೈಮ್‌ಲೈಟಿಗೆ ಬಂದ’ ಅನ್ನೋದಕ್ಕೆ ‘ಒಂದೇ ಶತಕದಿಂದ ಎಲ್ಲರ ಬಾಯಲ್ಲೂ ಅವನ ಹೆಸರು’ ಅಂದರೆ ಸಾಕು, ಇನ್ನೂ ಚೆನ್ನಾಗೇ ಇದೆ. ‘ಮಿಂಚಿದ’ ಕೂಡ ಆಗುತ್ತೆ, ಆದರೆ ಮಿಂಚು ಮಿಂಚೇ, ಒಂದು ಪಂದ್ಯಕ್ಕೆ ಸರಿ, ಹತ್ತು ವರ್ಷ ಹೆಸರಲ್ಲಿದ್ದವರಿಗೆ ಸಾಲದು. ‘ಮದುವೆಯಲ್ಲಿ ಮದುಮಗಳಿಗಿಂತ ತಂಗಿಯೇ ಎದ್ದು ಕಾಣುತ್ತಿದ್ದಳು’ ಅಂತ ಯಾರ ಮನೆಯಲ್ಲಾದರೂ ಹೇಳುತ್ತಾರೆ. ‘ಮೆರೆದ’ ಅಂದರೆ ಹೊಗಳಿಕೆಯೂ ಹೌದು, ಕೊಂಕೂ ಹೌದು, ಹುಷಾರಾಗಿರಬೇಕು. ‘ಮುಂದೆ ಬಂದ’ ಅಂದರೆ ಬದುಕಿನಲ್ಲಿ ಏಳಿಗೆ ಆಯಿತು ಅಂತ. ‘ಮುನ್ನೆಲೆಗೆ ಬಂತು’ ವಿಷಯಗಳಿಗೆ ಹೊಂದುತ್ತೆ, ನೀರಿನ ಸಮಸ್ಯೆ ಮುನ್ನೆಲೆಗೆ ಬಂತು ಅಂದ ಹಾಗೆ. ಆದರೆ ಅದು ಬರಹದ ಮಾತು, ಊಟಕ್ಕೆ ಕೂತಾಗ ಯಾರೂ ಆಡಲ್ಲ. ‘ಪ್ರಾಮುಖ್ಯ’ ಅಂತೂ ಬೇರೆಯೇ, ಮುಖ್ಯವಾಗಿದ್ದೂ ಯಾರ ಕಣ್ಣಿಗೂ ಬೀಳದೆ ಇರಬಹುದು.

ಇಷ್ಟೆಲ್ಲ ಆದಮೇಲೆ ನನಗನ್ನಿಸಿದ್ದು ಇದು. ಇಂಗ್ಲಿಷಿನ ಆ ಒಂದು ಹೆಸರುಪದಕ್ಕೆ ಕನ್ನಡದ ಒಂದೇ ಹೆಸರುಪದ ಹುಡುಕುವುದನ್ನು ಬಿಡಬೇಕು. ‘ಸುಣ್ಣದ ಬೆಳಕು’ ಅಂತ ಹೊಸದಾಗಿ ಕಟ್ಟಿದರೆ ಯಾರಿಗೂ ತಿಳಿಯಲ್ಲ. ನಮ್ಮಲ್ಲಿ ಈ ಭಾವ ಕಣ್ಣು, ಬಾಯಿ, ಹೆಸರು ಇವುಗಳ ಜೊತೆ ಓಡಾಡುತ್ತೆ. ಕಣ್ಣಿಗೆ ಬೀಳು, ಕಣ್ಣು ಕೀಳದೆ ನೋಡು, ಬಾಯಲ್ಲಿ ಬರು, ಹೆಸರು ಮಾಡು, ಹೆಸರಿಗೆ ಆಸೆಪಡು. ಲೈಮ್‌ಲೈಟ್ ಅಂತಲೇ ಬರೆಯುವುದಕ್ಕೂ ನನ್ನ ತಕರಾರಿಲ್ಲ, ಸಿನಿಮಾ ಸುದ್ದಿಯಲ್ಲಿ ಅದು ಬಳಕೆಗೆ ಬಂದಿದೆ. ಆದರೆ ಅಭಿನಂದನಾ ಪತ್ರದಲ್ಲಿ, ಆ ಟೀಚರ್ ಬಗ್ಗೆ, ಮನಸ್ಸು ಒಪ್ಪುತ್ತಿಲ್ಲ.

ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಮಕ್ಕಳನ್ನು ರಂಗದ ಮೇಲೆ ಕಳಿಸಿ ತಾವು ಪರದೆಯ ಪಕ್ಕದಲ್ಲೇ ನಿಂತವರು, ಹೆಸರಿಗೆ ಎಂದೂ ಆಸೆಪಟ್ಟವರಲ್ಲ.’ ಮೂಲದ ಒಂದು ಪದಕ್ಕೆ ಇಷ್ಟು ಉದ್ದ ಜಾಸ್ತಿ ಆಯಿತಾ?

ಇನ್ನೊಂದು ಕೇಳಬೇಕು. ಕರಾವಳಿಯಲ್ಲಿ ಯಕ್ಷಗಾನ ದೊಂದಿಯ ಬೆಳಕಿನಲ್ಲಿ ನಡೆಯುತ್ತಿತ್ತು. ಉತ್ತರ ಕರ್ನಾಟಕದ ಕಡೆ ಕಂಪನಿ ನಾಟಕ ನೋಡಿ ಬೆಳೆದವರು ಈಗಲೂ ಇದ್ದಾರೆ. ಒಬ್ಬ ಕಲಾವಿದ ಎಲ್ಲರ ಕಣ್ಣು ತನ್ನ ಕಡೆ ಎಳೆದುಕೊಂಡಾಗ, ಅಥವಾ ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ), ಹಿಮ್ಮೇಳದಲ್ಲಿ ಸುಮ್ನೆ ತನ್ನ ಪಾಡಿಗೆ ಕೆಲಸ ಮಾಡಿಕೊಂಡಿದ್ದವರ ಬಗ್ಗೆ, ನಿಮ್ಮ ಕಡೆ ಏನಂತ ಹೇಳುತ್ತೀರಿ? ಬರೀ ಪದ ಬೇಡ, ಅದು ಕೂತಿರುವ ಇಡೀ ವಾಕ್ಯ ಬರೆಯಿರಿ, ಮನೆಯಲ್ಲಿ ಹೇಳುವ ಹಾಗೇ. ಪತ್ರ ಶುಕ್ರವಾರ ಅಚ್ಚಿಗೆ ಹೋಗುತ್ತೆ.