ಸೊನ್ನೆ ವೋಲ್ಟ್ ತೋರಿಸುತ್ತಿರುವ 18650 ಸೆಲ್: ಒತ್ತಡದ ವೆಂಟ್ ಸರಿಯಿದೆಯೇ ಎಂದು ಪರೀಕ್ಷಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ನಮ್ಮ ತೋಟದ ಪಂಪಿನ 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ ಹಾಳಾಗಿದ್ದರಿಂದ, 18650 ಎಂಬ ಕೊಳವೆಯಾಕಾರದ ಲಿಥಿಯಂ ಸೆಲ್‌ಗಳಿಂದ ಹೊಸ ಪ್ಯಾಕ್ ಕಟ್ಟಲು ಹೊರಟಿದ್ದೇನೆ. ಪ್ರಯೋಗಕ್ಕೆಂದು ಮೊದಲು ಮೂರೇ ಸೆಲ್‌ಗಳನ್ನು ಸೀರೀಸ್‌ನಲ್ಲಿ ಜೋಡಿಸಿದೆ. ತರಿಸಿದ ಬಿಎಂಎಸ್ (ಸೆಲ್‌ಗಳ ಚಾರ್ಜ್ ಮಿತಿ ಮೀರದಂತೆ ಕಾಯುವ ಸರ್ಕ್ಯೂಟ್) ಇನ್ನೂ ಕೈಸೇರಿರಲಿಲ್ಲವಾದ್ದರಿಂದ ಹಳೆಯ ಚಾರ್ಜರನ್ನೇ ನೇರವಾಗಿ ಕೊಟ್ಟೆ. ಹಸಿರು ದೀಪವೇನೋ ಬಂತು, ಆದರೆ ಪಂಪಿಗೆ ಜೋಡಿಸಿದರೆ ಮೋಟಾರ್ ಅಲುಗಲಿಲ್ಲ. ಒಂದೊಂದಾಗಿ ಅಳೆದಾಗ ಎರಡು ಸೆಲ್‌ಗಳು 4.41 ಮತ್ತು 4.46 ವೋಲ್ಟ್ ತೋರಿಸಿದವು, ಮೂರನೆಯದು ಸೊನ್ನೆ. ಅದು ಉಬ್ಬಿಲ್ಲ, ಸೋರಿಲ್ಲ, ವಾಸನೆಯೂ ಇಲ್ಲ.

ಇದರ ವೆಂಟ್, ಅಂದರೆ ಒಳಗಿನ ಅನಿಲವನ್ನು ಹೊರಬಿಡುವ ಸುರಕ್ಷತಾ ದಾರಿ, ತೆರೆದುಕೊಂಡಿದೆಯೇ? ಉಳಿದ ಸೆಲ್‌ಗಳ ವೆಂಟ್ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಒಂದು ಹಳೆಯ ಸೆಲ್ ಅನ್ನು ಕಾಯಿಸಿ ನೋಡಬಹುದೇ, ಅಥವಾ ಸೈಕಲ್ ಪಂಪಿನಿಂದ ಒತ್ತಡ ಕೊಟ್ಟು ನೋಡಬಹುದೇ? ಔಷಧಿಯ ನೀರು ತಾಗದಿರಲೆಂದು ಇಡೀ ಪ್ಯಾಕಿಗೆ ಎಪಾಕ್ಸಿ ಅಂಟು ಸುರಿಯುವ ಯೋಚನೆಯೂ ಇದೆ.

ಉತ್ತರ

ದಯವಿಟ್ಟು ಸೆಲ್ ಕಾಯಿಸಬೇಡಿ, ಎಪಾಕ್ಸಿಯನ್ನೂ ಸುರಿಯಬೇಡಿ. ಕಾರಣಗಳನ್ನು ಒಂದೊಂದಾಗಿ ವಿವರಿಸುತ್ತೇನೆ.

ಲೆಡ್ ಆಸಿಡ್ ಚಾರ್ಜರ್ ಸಾಮಾನ್ಯವಾಗಿ 14.4 ವೋಲ್ಟ್‌ವರೆಗೆ ಏರುತ್ತದೆ; ಮೂರು ಲಿಥಿಯಂ ಸೆಲ್‌ಗಳು ಸೇರಿ ತಡೆದುಕೊಳ್ಳುವುದು 12.6 ಮಾತ್ರ. ಹೆಚ್ಚುವರಿ ವೋಲ್ಟೇಜ್ ಮೂರಕ್ಕೂ ಸಮನಾಗಿ ಹಂಚಿಹೋಗದೆ, ಸಾಮರ್ಥ್ಯ ಕಡಿಮೆಯಿದ್ದ ಒಂದು ಸೆಲ್ ಮೇಲೆ ಬಿದ್ದಿದೆ. ನಿಮ್ಮ ಸೆಲ್‌ನಲ್ಲಿ ತೆರೆದಿರುವುದು ಬಹುಶಃ ವೆಂಟ್ ಅಲ್ಲ, ಅದಕ್ಕಿಂತ ಮೊದಲು ಕೆಲಸ ಮಾಡುವ ಸಿಐಡಿ ಎಂಬ ವಿದ್ಯುತ್ ಕಡಿತದ ವ್ಯವಸ್ಥೆ. ಪಾಸಿಟಿವ್ ತುದಿಯ ಟೊಪ್ಪಿಗೆಯ ಅಂಚಿನಲ್ಲಿ ಸಣ್ಣ ಕಿಂಡಿಗಳಿರುತ್ತವೆ. ಅವುಗಳ ಕೆಳಗೆ ತೆಳುವಾದ ಅಲ್ಯೂಮಿನಿಯಂ ಬಿಲ್ಲೆಯೊಂದು ಇದ್ದು, ಅದರ ನಡುವಿನ ಬಿಂದು ಕೆಳಗಿನ ತಟ್ಟೆಗೆ ವೆಲ್ಡ್ ಆಗಿರುತ್ತದೆ. ಓವರ್‌ಚಾರ್ಜ್ ಆದಾಗ ಒಳಗೆ ಅನಿಲ ಹುಟ್ಟಿ ಒತ್ತಡ ಸುಮಾರು 10 ಬಾರ್ ತಲುಪಿದರೆ ಬಿಲ್ಲೆ ಮೇಲಕ್ಕೆ ಪುಟಿದು ಆ ವೆಲ್ಡ್ ಹರಿಯುತ್ತದೆ, ಅಲ್ಲಿಗೆ ವಿದ್ಯುತ್ ನಿಲ್ಲುತ್ತದೆ. (ಕಾರಿನ ಚಕ್ರದಲ್ಲಿರುವುದು 2 ಬಾರ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ.) ಕೆಲವು ತಯಾರಕರು ಅನಿಲ ತಕ್ಕ ಸಮಯಕ್ಕೆ ಹುಟ್ಟಲೆಂದೇ ಕ್ಯಾಥೋಡ್‌ನಲ್ಲಿ ಲಿಥಿಯಂ ಕಾರ್ಬೊನೇಟ್ ಬೆರೆಸುತ್ತಾರೆ. ಇಷ್ಟಾದರೂ ಒತ್ತಡ ಏರುತ್ತಲೇ ಹೋಗಿ ಸುಮಾರು 20 ಬಾರ್ ಮುಟ್ಟಿದರೆ, ಬಿಲ್ಲೆಯ ಮೇಲೆ ಕೊರೆದಿರುವ ಗೀರು ಸೀಳಿ ಅನಿಲ ಹೊರನುಗ್ಗುತ್ತದೆ. ಇದು ವೆಂಟ್. ಈ ಅಂಕಿಗಳು ತಯಾರಕರಿಂದ ತಯಾರಕರಿಗೆ ಬದಲಾಗುತ್ತವೆ.

ಆದ್ದರಿಂದ ಮೀಟರ್ ಸೊನ್ನೆ ತೋರಿಸಿದರೂ ಆ ಸೆಲ್ ಖಾಲಿಯಲ್ಲ. ಒಳಗೆ ಮಿತಿ ಮೀರಿದ ಚಾರ್ಜ್ ಹಾಗೆಯೇ ಉಳಿದಿದೆ, ತಂತಿ ಮಾತ್ರ ಕಡಿದುಹೋಗಿದೆ. ಸೂಜಿಯಿಂದ ಬಿಲ್ಲೆಯನ್ನು ಕೆಳಕ್ಕೆ ಒತ್ತಿ ಸೆಲ್‌ಗೆ ಮರುಜೀವ ಕೊಡುವ ವಿಡಿಯೋಗಳನ್ನು ನಂಬಬೇಡಿ. ಖಚಿತಪಡಿಸಿಕೊಳ್ಳಲು ಎರಡು ದಾರಿಗಳಿವೆ. ನಾಲ್ಕು ತಂತಿಯ ಇಂಟರ್ನಲ್ ರೆಸಿಸ್ಟೆನ್ಸ್ ಮೀಟರ್ ಇದ್ದರೆ, ಒಳ್ಳೆಯ ಸೆಲ್ ಕೆಲವು ಹತ್ತು ಮಿಲಿಓಮ್ ತೋರಿಸುತ್ತದೆ, ಸಿಐಡಿ ಕಡಿದಿದ್ದು ಅಳತೆಗೇ ಸಿಗುವುದಿಲ್ಲ. ಎರಡನೆಯದು ತೂಕ. ಒಂದೇ ಲಾಟಿನ ಸೆಲ್‌ಗಳನ್ನು ಚಿನ್ನ ತೂಗುವಂತಹ ಸೂಕ್ಷ್ಮ ತಕ್ಕಡಿಯಲ್ಲಿ ಇಟ್ಟು ನೋಡಿ: ವೆಂಟ್ ತೆರೆದಿದ್ದರೆ ದ್ರಾವಕ ಹೊರಹೋಗಿ ತೂಕ ಇಳಿದಿರುತ್ತದೆ, ಸಿಐಡಿ ಮಾತ್ರ ಕಡಿದಿದ್ದರೆ ಇಳಿದಿರುವುದಿಲ್ಲ. ಕಿಂಡಿಗಳ ಸುತ್ತ ಕಂದು ಕಲೆಯಿದೆಯೇ, ನೇಲ್ ಪಾಲಿಷ್ ತೆಗೆಯುವ ದ್ರವದಂತಹ ಸಿಹಿವಾಸನೆ ಹತ್ತಿರದಲ್ಲೆಲ್ಲಾದರೂ ಸುಳಿಯುತ್ತಿದೆಯೇ ಎಂಬುದನ್ನೂ ಗಮನಿಸಿ. ಮೂಗನ್ನು ಸೆಲ್‌ಗೆ ಹಿಡಿಯಬೇಡಿ.

ಇನ್ನು ವೆಂಟ್ ಪರೀಕ್ಷೆಯ ವಿಚಾರ. ಗೀರು ಸೀಳುವುದು ಒಂದೇ ಸಲ, ಆದ್ದರಿಂದ ನೀವು ಬಳಸಲಿರುವ ಸೆಲ್‌ನ ವೆಂಟ್ ಅನ್ನೇ ಪರೀಕ್ಷಿಸಲು ಯಾರಿಗೂ ಸಾಧ್ಯವಿಲ್ಲ. ಕಾರ್ಖಾನೆಯಲ್ಲಿ ಪ್ರತಿ ಲಾಟಿನಿಂದ ಕೆಲವು ಟೊಪ್ಪಿಗೆಗಳನ್ನು ತೆಗೆದು, ನೈಟ್ರೋಜನ್ ಅಥವಾ ನೀರಿನ ಒತ್ತಡವನ್ನು ನಿಧಾನವಾಗಿ ಏರಿಸಿ, ಎಷ್ಟಕ್ಕೆ ಸೀಳಿತೆಂದು ಬರೆದುಕೊಳ್ಳುತ್ತಾರೆ. ಇಡೀ ಸೆಲ್‌ಗೆ ಬೇರೆ ಪರೀಕ್ಷೆಗಳಿವೆ. ಯುಎಲ್ 1642 ಮಾನದಂಡದಲ್ಲಿ ಸೆಲ್ ಅನ್ನು ಲೋಹದ ಜಾಲರಿಯ ಪಂಜರದೊಳಗೆ ಬೆಂಕಿಯಿಂದ ಕಾಯಿಸುತ್ತಾರೆ. ಸಿಡಿದರೂ ಅದರ ಯಾವ ತುಂಡೂ ಜಾಲರಿ ತೂರಿ ಹೊರಬರಬಾರದು. ಲಿಥಿಯಂ ಬ್ಯಾಟರಿಗಳ ಸಾಗಣೆಗೆ ಬೇಕಾದ ಯುಎನ್ 38.3ರ ಮೊದಲ ಪರೀಕ್ಷೆಯದು ಇದಕ್ಕೆ ತದ್ವಿರುದ್ಧವಾದ ಉದ್ದೇಶ: ವಿಮಾನದ ಎತ್ತರವನ್ನು ಹೋಲುವ 11.6 ಕಿಲೋಪಾಸ್ಕಲ್ ಒತ್ತಡದಲ್ಲಿ ಆರು ಗಂಟೆ ಇಟ್ಟಾಗ ವೆಂಟ್ ತೆರೆಯಲೇಬಾರದು. ಬೇಡದಾಗ ಬಿಗಿಯಾಗಿರುವುದೂ ಬೇಕಾದಾಗ ಸೀಳುವುದೂ ಒಂದೇ ಗೀರಿನ ಆಳದ ಮೇಲೆ ನಿಂತಿರುವುದರಿಂದ, ಗುರುತಿಲ್ಲದ ಅಗ್ಗದ ಸೆಲ್‌ಗಳನ್ನು ಕೊಳ್ಳಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಮನೆಯಲ್ಲಿ ಕಾಯಿಸಿದರೆ ಏನಾಗುತ್ತದೆಂದರೆ, ಸುಮಾರು 130 ಡಿಗ್ರಿಯಲ್ಲಿ ಒಳಗಿನ ಎರಡು ವಿದ್ಯುದ್ವಾರಗಳನ್ನು ಬೇರ್ಪಡಿಸುವ ಪಾಲಿಎಥಿಲೀನ್ ಸೆಪರೇಟರ್ ಕರಗುತ್ತದೆ, ನಂತರದ ಏರಿಕೆ ಯಾರ ಹತೋಟಿಗೂ ಸಿಗುವುದಿಲ್ಲ. ಹೊರಬರುವ ಹೊಗೆಯಲ್ಲಿ ಹೊತ್ತಿಕೊಳ್ಳುವ ಹೈಡ್ರೋಜನ್, ಕಾರ್ಬನ್ ಮೊನಾಕ್ಸೈಡ್‌ಗಳ ಜೊತೆಗೆ ಶ್ವಾಸಕೋಶವನ್ನು ಸುಡುವ ಹೈಡ್ರೋಜನ್ ಫ್ಲೋರೈಡ್ ಕೂಡ ಇರುತ್ತದೆ.

ನಿಮ್ಮ ಕೈಯಲ್ಲಿರುವುದು ವೆಂಟ್‌ನಿಂದ ಹೊರಗಿನ ದಾರಿ. ಎಪಾಕ್ಸಿ ಕಿಂಡಿಗಳನ್ನು ಮುಚ್ಚಿದರೆ ಅನಿಲ ಸೆಲ್‌ನ ಪಕ್ಕೆಯನ್ನೇ ಸೀಳಿ ಪಕ್ಕದ ಸೆಲ್‌ಗೆ ಜ್ವಾಲೆ ಹಾಯಿಸುತ್ತದೆ. 2013ರ ಜನವರಿಯಲ್ಲಿ ಬೋಸ್ಟನ್‌ನಲ್ಲಿ ನಿಂತಿದ್ದ ಬೋಯಿಂಗ್ 787 ವಿಮಾನದ ಬ್ಯಾಟರಿಗೆ ಬೆಂಕಿ ಬಿದ್ದ ಮೇಲೆ ಮಾಡಿದ ಬದಲಾವಣೆಗಳಲ್ಲಿ ಮುಖ್ಯವಾದದ್ದು, ಬ್ಯಾಟರಿಯನ್ನು ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಅನಿಲವನ್ನು ಕೊಳವೆಯ ಮೂಲಕ ವಿಮಾನದ ಹೊರಕ್ಕೆ ಬಿಟ್ಟದ್ದು. ನಮ್ಮಲ್ಲೂ 2022ರಲ್ಲಿ ವಿದ್ಯುತ್ ಸ್ಕೂಟರ್‌ಗಳು ಸಾಲಾಗಿ ಹೊತ್ತಿ ಉರಿದ ನಂತರ ಬಿಗಿಗೊಳಿಸಿದ ಎಐಎಸ್ 156 ಮಾನದಂಡದಲ್ಲಿ, ಪ್ಯಾಕಿಗೆ ಒತ್ತಡ ಬಿಡುವ ವೆಂಟ್ ಇರಬೇಕೆಂಬ ಷರತ್ತು ಸೇರಿತು. ನಿಮ್ಮ ಪಂಪಿನ ಬ್ಯಾಟರಿ ಕೂರುವುದು ಹೊತ್ತವರ ಸೊಂಟಕ್ಕೆ ತಾಗಿಕೊಂಡು. ಪಾಸಿಟಿವ್ ತುದಿಗಳು ಬೆನ್ನಿನ ಕಡೆ ಮುಖ ಮಾಡಿರಲೇಬಾರದು. ಅವುಗಳ ಮುಂದೆ ಒಂದಷ್ಟು ಖಾಲಿ ಜಾಗ ಬಿಟ್ಟು, ಪೆಟ್ಟಿಗೆಯ ಹೊರಗೋಡೆಯಲ್ಲಿ ಸುಲಭವಾಗಿ ಕಳಚುವ ರಬ್ಬರ್ ಬಿರಡೆ ಇಡಿ. ನಿಮ್ಮ ಸೈಕಲ್ ಪಂಪ್ ಉಪಯೋಗಕ್ಕೆ ಬರುವುದು ಇಲ್ಲಿಯೇ: ಸೆಲ್‌ಗಳಿಲ್ಲದ ಖಾಲಿ ಪೆಟ್ಟಿಗೆಗೆ ಮೆಲ್ಲಗೆ ಗಾಳಿ ಹಾಕಿ, ಮೊದಲು ಬಿರಡೆ ಬಿಡುತ್ತದೆಯೇ, ಮುಚ್ಚಳ ಬಿಡುತ್ತದೆಯೇ ನೋಡಿ.

ಮತ್ತೊಬ್ಬರ ಉತ್ತರ

ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಆದರೆ ಈ ಕೆಲಸಕ್ಕೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳೇ ಹೆಚ್ಚು ಸೂಕ್ತ ಎಂಬುದು ನನ್ನ ಅಭಿಪ್ರಾಯ. ನಾಲ್ಕು ಸೆಲ್‌ಗಳ ಸೀರೀಸ್ 12.8 ವೋಲ್ಟ್ ಕೊಡುತ್ತದೆ, 14.6ರವರೆಗೆ ಚಾರ್ಜ್ ತಡೆಯುತ್ತದೆ, ಶಾಖಕ್ಕೂ ಬೇಗ ಕೆರಳುವುದಿಲ್ಲ. ಹಾಗೆಂದು ಬಿಎಂಎಸ್ ಬಿಡುವಂತಿಲ್ಲ; ಇವು ವೆಂಟ್ ಆದಾಗಲೂ ಹೊತ್ತಿಕೊಳ್ಳುವ ಅನಿಲವೇ ಬರುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಸೊನ್ನೆ ತೋರಿಸುತ್ತಿದ್ದ ಸೆಲ್ 47.1 ಗ್ರಾಂ, ಉಳಿದೆರಡು 47.0 ಮತ್ತು 47.2, ಅಂದರೆ ವೆಂಟ್ ತೆರೆದಿಲ್ಲ. ಖಾಲಿ ಪೆಟ್ಟಿಗೆಗೆ ಗಾಳಿ ಹಾಕಿದಾಗ ಮುಚ್ಚಳ ಡೋಲಿನಂತೆ ಉಬ್ಬಿತೇ ಹೊರತು ಬಿರಡೆ ಕದಲಲಿಲ್ಲ, ಏಕೆಂದರೆ ನೀರು ನುಸುಳದಿರಲೆಂದು ಅದರ ಸುತ್ತ ಸಿಲಿಕೋನ್ ಬಳಿದಿದ್ದೆ. ಅದನ್ನು ಕೆರೆದು ತೆಗೆದು ಬಿರಡೆಯನ್ನು ಬರಿಗೈಯಲ್ಲಿ ಒತ್ತಿ ಕೂರಿಸಿದ ಮೇಲೆ, ಮೂರನೆಯ ಒತ್ತಿಗೆ ಠಪ್ಪೆಂದು ಕಳಚಿತು. ಈಗ ಈ ಮೂರು ಸೆಲ್‌ಗಳನ್ನು ಏನು ಮಾಡಲಿ?

ಉತ್ತರ

ಓವರ್‌ಚಾರ್ಜ್ ಆದ ಉಳಿದೆರಡನ್ನೂ ಮತ್ತೆ ಬಳಸಬೇಡಿ. ಅವುಗಳನ್ನು ಮನೆಯ ಹೊರಗೆ, ಸ್ಕೂಟರಿನ ಚಿಕ್ಕ ಇಂಡಿಕೇಟರ್ ಬಲ್ಬಿಗೆ ಒಂದೊಂದಾಗಿ ಜೋಡಿಸಿ, 3 ವೋಲ್ಟ್‌ಗೆ ಇಳಿಯುವವರೆಗೆ ಖಾಲಿ ಮಾಡಿ. ಸಿಐಡಿ ಕಡಿದ ಸೆಲ್ ಅನ್ನು ಹೀಗೆ ಖಾಲಿ ಮಾಡಲಾಗದು. ಎರಡೂ ತುದಿಗೆ ಟೇಪ್ ಸುತ್ತಿ, ಒಣ ಮರಳಿರುವ ಡಬ್ಬದಲ್ಲಿ ಹೂತು, ಮುಚ್ಚಳವನ್ನು ಬಿಗಿಯದೆ ಹೊರಗಿಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಬೆರೆಸುವಂತಿಲ್ಲ, ಆದ್ದರಿಂದ ಅಧಿಕೃತ ಸಂಗ್ರಹ ಕೇಂದ್ರಕ್ಕೆ ತಲುಪಿಸಿ. ಅಲ್ಲಿನವರು ಮೀಟರ್ ಹಿಡಿದು ಸೊನ್ನೆ ಕಂಡು ಖಾಲಿ ಸೆಲ್‌ಗಳ ರಾಶಿಗೆ ಎಸೆಯದಂತೆ, ಅದರ ಮೇಲೆ “ಒಳಗೆ ಚಾರ್ಜ್ ಇದೆ” ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿ.